ಶಾಖದ ಏತಕ್ಕೆ ಆರೈಕೆ ಬೇಡವೆ?

ನೀರು ಎತ್ತರದಿಂದ ತಗ್ಗಿಗೆ ಹರಿಯುವುದು ಹೇಗೆ ಸಹಜವೋ, ಶಾಖವು ಬಿಸಿಯಾದ ವಸ್ತುವಿನಿಂದ ತಣ್ಣಗಿರುವ ವಸ್ತುವಿಗೆ ಹರಿಯುವುದೂ ಹಾಗೆಯೇ ಸಹಜ. ತಗ್ಗಿನಲ್ಲಿರುವ ನೀರನ್ನು ಮೇಲಕ್ಕೆ ತರುವುದಕ್ಕಾಗಿ ನಮ್ಮ ರೈತರು ಏತವನ್ನು ಕಟ್ಟಿದರು, ಕಪಿಲೆಯನ್ನು ಹೂಡಿದರು. ಅಲ್ಲಿ ಆಳು ದುಡಿಯಬೇಕು, ಇಲ್ಲವೆ ಎತ್ತು ದುಡಿಯಬೇಕು. ಪುಕ್ಕಟೆಯಾಗಿ ನೀರು ಮೇಲೇರುವುದಿಲ್ಲ. ಶಾಖವನ್ನು ಇದೇ ಬಗೆಯಲ್ಲಿ ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ಎತ್ತುವ ಯಂತ್ರವೊಂದುಂಟು. ಅದಕ್ಕೆ ಹೀಟ್ ಪಂಪ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಶಾಖದ ಏತವೆಂದು ಕರೆದರೆ ತಪ್ಪಾಗಲಾರದು.

ಚಳಿಯ ದೇಶಗಳಲ್ಲಿ ಈ ಯಂತ್ರವು ಹೊರಗಿನ ಕೊರೆಯುವ ಗಾಳಿಯಿಂದಲೇ ಶಾಖವನ್ನು ಹೆಕ್ಕಿ ತಂದು ಮನೆಯನ್ನು ಬೆಚ್ಚಗಿಡುತ್ತದೆ. ನಮ್ಮ ನಾಡಿನಲ್ಲಿ ಅದೇ ಯಂತ್ರವು ಬೇರೆ ವೇಷದಲ್ಲಿ ಮನೆ ಸೇರಿದೆ. ತರಕಾರಿಯಿಂದ ಶಾಖವನ್ನು ಎತ್ತಿ ಅಡಿಗೆಯ ಮನೆಗೆ ಸುರಿಯುವ ರೆಫ್ರಿಜರೇಟರೂ, ಕೊಠಡಿಯಿಂದ ಎತ್ತಿ ಬೀದಿಗೆ ಸುರಿಯುವ ಏರ್ ಕಂಡಿಷನರೂ ತತ್ತ್ವದಲ್ಲಿ ಶಾಖದ ಏತಗಳೇ.

ಈ ಯಂತ್ರದ ಗುಣಗಾನ ನಮ್ಮ ಉದ್ದೇಶವಲ್ಲ. ಅದಕ್ಕೆ ತಯಾರಕರ ಜಾಹೀರಾತುಗಳಿವೆ. ಯಂತ್ರವನ್ನು ಕೊಂಡು ತಂದ ಮೇಲೆ ಅದನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಶುಚಿಗೊಳಿಸಿ, ಸುಸ್ಥಿತಿಯಲ್ಲಿಡುವ ಕೆಲಸವನ್ನು ನಾವು, ಅದರಲ್ಲಿಯೂ ವಿದ್ಯಾವಂತರೆನಿಸಿಕೊಂಡವರು, ಕೀಳಾಗಿ ಕಾಣುತ್ತಿದ್ದೇವೆ. ಈ ಅಸಡ್ಡೆಗೆ ತೆರಬೇಕಾದ ಬೆಲೆ ನಾವು ಎಣಿಸಿರುವುದಕ್ಕಿಂತ ಹೆಚ್ಚಿನದು. ಅದನ್ನು ತಿದ್ದಿಕೊಳ್ಳಲು ಬೇಕಾದ ತಿಳಿವಳಿಕೆಯಾದರೋ ಭೌತಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಇದೆ. ಇಷ್ಟನ್ನು ವಾಚಕರಿಗೆ ಮನಗಾಣಿಸುವುದು ಈ ಲೇಖನದ ಗುರಿ.

ಹಳೆಯ ತತ್ತ್ವ, ಹೊಸ ಬಳಕೆ

ಉಷ್ಣಯಂತ್ರಗಳಿಗೆ ಪ್ರಕೃತಿ ವಿಧಿಸಿರುವ ಮಿತಿಯನ್ನು ಮೊದಲು ಕಂಡುಕೊಂಡವನು ಫ್ರಾನ್ಸ್ ದೇಶದ ಸಾಡಿ ಕಾರ್ನೋ. ಅವನ ಗ್ರಂಥ ಪ್ರಕಟವಾದದ್ದು 1824ರಲ್ಲಿ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲಿ ಒಂದು ವಿಚಿತ್ರವೆನಿಸುವ ಸಲಹೆಯನ್ನು ಮುಂದಿಟ್ಟನು. ಮನೆಯನ್ನು ಬೆಚ್ಚಗಾಗಿಸಲು ಕಲ್ಲಿದ್ದಲನ್ನು ನೇರವಾಗಿ ಉರಿಸುವುದಕ್ಕಿಂತ, ಅದರಿಂದ ಯಂತ್ರವನ್ನು ನಡೆಸಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಕ್ಕೆ ತರುವುದು ಮಿತವ್ಯಯಕರವೆಂದು ಅವನು ತೋರಿಸಿದನು. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪುರಭವನದಲ್ಲಿ 1938ರಲ್ಲಿ ಇಂಥ ಯಂತ್ರವು ಕೆಲಸಕ್ಕೆ ತೊಡಗಿ, ಪಕ್ಕದಲ್ಲಿ ಹರಿಯುವ ಲಿಮ್ಮಾಟ್ ನದಿಯ ತಣ್ಣೀರಿನಿಂದ ಶಾಖವನ್ನು ಎತ್ತಿ ಕಟ್ಟಡವನ್ನು ಕಾಯಿಸಿತು. ಇಂದು ನಾರ್ವೆ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಶಾಖದ ಏತಗಳಿವೆ.

ಯಂತ್ರದಲ್ಲಿ ಮುಖ್ಯವಾದ ಭಾಗಗಳು ನಾಲ್ಕು: ಎರಡು ಸುರುಳಿಗಳು, ಒಂದು ಕಂಪ್ರೆಸರು, ಒಂದು ಇಕ್ಕಟ್ಟಾದ ಕವಾಟ. ಇವುಗಳ ಮೂಲಕ ಸುಲಭವಾಗಿ ಕುದಿಯುವ ದ್ರವವೊಂದು ನಿರಂತರವಾಗಿ ಸುತ್ತುತ್ತಿರುತ್ತದೆ. ಇದಕ್ಕೆ ಶೀತಕವೆಂದು ಹೆಸರು. ಕಡಿಮೆ ಒತ್ತಡವಿರುವ ಸುರುಳಿಯಲ್ಲಿ ಶೀತಕವು ಕುದಿದು ಆವಿಯಾಗುತ್ತದೆ. ಕುದಿಯಲು ಬೇಕಾದ ಗುಪ್ತೋಷ್ಣವನ್ನು ಅದು ಸುತ್ತಲಿನ ಗಾಳಿಯಿಂದ ಕಸಿದುಕೊಳ್ಳುತ್ತದೆ. ಕಂಪ್ರೆಸರು ಆ ಆವಿಯನ್ನು ಅದುಮಿ, ಅದರ ಒತ್ತಡವನ್ನೂ ಉಷ್ಣತೆಯನ್ನೂ ಏರಿಸುತ್ತದೆ. ಎರಡನೆಯ ಸುರುಳಿಯಲ್ಲಿ ಆವಿಯು ಮತ್ತೆ ದ್ರವವಾಗಿ, ತಾನು ಹೊತ್ತು ತಂದ ಶಾಖವನ್ನು ಬಿಟ್ಟುಕೊಡುತ್ತದೆ. ಕವಾಟದ ಮೂಲಕ ನುಸುಳಿ, ಒತ್ತಡ ಇಳಿದು, ಮತ್ತೆ ಮೊದಲಿನ ಸುರುಳಿಗೆ ಬರುತ್ತದೆ. ಶಾಖದ ಏತದಲ್ಲಿ ಹರಿವಿನ ದಿಕ್ಕನ್ನು ಬದಲಿಸುವ ಇನ್ನೊಂದು ಕವಾಟವಿರುವುದರಿಂದ ಅದೇ ಯಂತ್ರವು ಚಳಿಗಾಲದಲ್ಲಿ ಮನೆಯನ್ನು ಕಾಯಿಸಿ, ಬೇಸಗೆಯಲ್ಲಿ ತಣಿಸಬಲ್ಲದು.

ಯಂತ್ರವು ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಯೂನಿಟ್ ಶಾಖವನ್ನು ಒದಗಿಸುತ್ತದೆ ಎಂಬುದನ್ನು ಅದರ ಕಾರ್ಯಗುಣಾಂಕ ಎನ್ನುತ್ತೇವೆ. ಸಾಮಾನ್ಯ ವಿದ್ಯುತ್ ಒಲೆಯಲ್ಲಿ ಇದು 1ಕ್ಕಿಂತ ಹೆಚ್ಚಲಾರದು. ಒಳ್ಳೆಯ ಶಾಖದ ಏತದಲ್ಲಿ 3, ಅನುಕೂಲವಾದ ಹವೆಯಲ್ಲಿ 4ರವರೆಗೂ ಬರಬಹುದು. ಒಂದಕ್ಕೆ ಮೂರು ಎಂಬ ಈ ಲಾಭಕ್ಕಾಗಿಯೇ ಜನರು ಹೆಚ್ಚು ಹಣವನ್ನು ತೆತ್ತು ಈ ಯಂತ್ರವನ್ನು ಕೊಳ್ಳುತ್ತಾರೆ. ಆದರೆ ಈ ಲಾಭವು ಯಂತ್ರದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಶಾಶ್ವತವಾಗಿ ಬರೆದಿಟ್ಟ ಆಸ್ತಿಯಲ್ಲ. ಅದನ್ನು ಪ್ರತಿವರ್ಷವೂ ಉಳಿಸಿಕೊಳ್ಳಬೇಕು.

ಧೂಳಿನ ಭೌತಶಾಸ್ತ್ರ

ಸುರುಳಿಯ ಮೇಲೆ ಕೂತ ಧೂಳು ಏನು ಮಾಡಬಲ್ಲದು? ಮೇಲು ನೋಟಕ್ಕೆ ಇದು ಗುಡಿಸುವವರ ಪ್ರಶ್ನೆಯಂತೆ ತೋರುತ್ತದೆ. ನಿಜವಾಗಿ ಇದು ಕಾರ್ನೋನ ಪ್ರಶ್ನೆ.

ಹೊರಗಿನ ಗಾಳಿ 0 ಡಿಗ್ರಿ ಸೆಲ್ಸಿಯಸ್ ಇದೆಯೆಂದು ಇಟ್ಟುಕೊಳ್ಳೋಣ. ಆ ಗಾಳಿಯಿಂದ ಶಾಖವು ಸುರುಳಿಯೊಳಕ್ಕೆ ಹರಿಯಬೇಕಾದರೆ ಸುರುಳಿಯು ಗಾಳಿಗಿಂತ ತಣ್ಣಗಿರಬೇಕು. ಮೈನಸ್ 5 ಡಿಗ್ರಿ ಎನ್ನೋಣ. ಒಳಗಿನ ಸುರುಳಿಯು ಕೊಠಡಿಗೆ ಶಾಖವನ್ನು ಕೊಡಬೇಕಾದರೆ ಕೊಠಡಿಗಿಂತ ಬಿಸಿಯಾಗಿರಬೇಕು. 45 ಡಿಗ್ರಿ ಎನ್ನೋಣ. ನಿರಪೇಕ್ಷ ಮಾನದಲ್ಲಿ ಇವು 268 ಮತ್ತು 318 ಕೆಲ್ವಿನ್. ಈ ಎರಡು ಉಷ್ಣತೆಗಳ ನಡುವೆ ಯಾವ ಯಂತ್ರವೇ ಆಗಲಿ ಪಡೆಯಬಹುದಾದ ಗರಿಷ್ಠ ಕಾರ್ಯಗುಣಾಂಕವೆಂದರೆ 318ನ್ನು 50ರಿಂದ ಭಾಗಿಸಿದ ಲಬ್ಧ, ಅಂದರೆ ಸುಮಾರು 6.4.

ಈಗ ಎರಡು ಸುರುಳಿಗಳ ಮೇಲೂ ಧೂಳು ಕವಿದಿದೆ. ಧೂಳು ಗಾಳಿಯ ಹಾದಿಯನ್ನು ತಡೆಯುತ್ತದೆ. ಅಲ್ಲದೆ ಅದು ಶಾಖವನ್ನು ಸುಲಭವಾಗಿ ಸಾಗಿಸುವ ವಸ್ತುವಲ್ಲ. ಮೊದಲಿನಷ್ಟೇ ಶಾಖವು ಹರಿಯಬೇಕಾದರೆ ಗಾಳಿಗೂ ಸುರುಳಿಗೂ ನಡುವಣ ಉಷ್ಣತೆಯ ಅಂತರವು ಹೆಚ್ಚಬೇಕು. ಹೊರಗಿನ ಸುರುಳಿ ಮೈನಸ್ 10ಕ್ಕೆ ಇಳಿಯಿತು, ಒಳಗಿನದು 50ಕ್ಕೆ ಏರಿತು ಎಂದು ಭಾವಿಸಿದರೆ, ಗರಿಷ್ಠ ಗುಣಾಂಕ 323ನ್ನು 60ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 5.4 ಆಗುತ್ತದೆ. ನೂರಕ್ಕೆ 15ರಷ್ಟು ನಷ್ಟ! ಕಂಪ್ರೆಸರು ಹೊಸದೇ ಇರಬಹುದು, ಶೀತಕ ಸರಿಯಾಗಿಯೇ ಇರಬಹುದು. ಆದರೂ ಏತವು ಶಾಖವನ್ನು 50 ಮೆಟ್ಟಿಲು ಎತ್ತಬೇಕಾದಲ್ಲಿ 60 ಮೆಟ್ಟಿಲು ಎತ್ತುತ್ತಿದೆ. ಬಾವಿಯ ನೀರು ಆಳಕ್ಕೆ ಇಳಿದರೆ ಎತ್ತುಗಳಿಗೆ ದುಡಿತ ಹೆಚ್ಚುವುದು ಯಾವ ರೈತನಿಗೂ ಹೊಸ ವಿಷಯವಲ್ಲ. ಇಲ್ಲಿ ಬಾವಿಯನ್ನು ಆಳವಾಗಿಸುತ್ತಿರುವುದು ನಮ್ಮ ಅಸಡ್ಡೆ.

ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. ಚೆನ್ನಾಗಿ ನೋಡಿಕೊಂಡ ಶಾಖದ ಏತಕ್ಕೂ ತೀರ ಅಲಕ್ಷಿಸಿದ ಶಾಖದ ಏತಕ್ಕೂ ವಿದ್ಯುತ್ತಿನ ಖರ್ಚಿನಲ್ಲಿ ನೂರಕ್ಕೆ 10ರಿಂದ 25ರವರೆಗೆ ವ್ಯತ್ಯಾಸವಿರುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳಿದೆ. ಚಳಿಯ ದೇಶದ ಒಂದು ಮನೆಗೆ ವರ್ಷಕ್ಕೆ 12,000 ಯೂನಿಟ್ ಶಾಖ ಬೇಕೆನ್ನೋಣ. ಗುಣಾಂಕ 3 ಇದ್ದಾಗ 4,000 ಯೂನಿಟ್ ವಿದ್ಯುತ್ತು ಸಾಕು, ಅದು 2.5ಕ್ಕೆ ಇಳಿದರೆ 4,800 ಯೂನಿಟ್ ಬೇಕು. ಆ 800 ಯೂನಿಟ್‌ಗಳಿಂದ ಮನೆಯವರಿಗೆ ಒಂದು ಗಳಿಗೆಯ ಹೆಚ್ಚಿನ ಸುಖವೂ ದೊರೆಯಲಿಲ್ಲ.

ಮನೆಯವರ ಕೆಲಸ

ಹಾಗಾದರೆ ಮನೆಯವರು ಮಾಡಬೇಕಾದುದೇನು? ಹೆಚ್ಚೇನೂ ಇಲ್ಲ. ಒಳಗಿನ ಪೆಟ್ಟಿಗೆಯಲ್ಲಿ ಗಾಳಿಯನ್ನು ಸೋಸುವ ಬಲೆಯೊಂದಿರುತ್ತದೆ. ಯಂತ್ರವು ದಿನವೂ ನಡೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ತೆಗೆದು ನೋಡಬೇಕು. ತೊಳೆಯುವಂಥದಾದರೆ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು, ಬದಲಾಯಿಸುವಂಥದಾದರೆ ಬದಲಾಯಿಸಬೇಕು. ಹೊರಗಿನ ಪೆಟ್ಟಿಗೆಯ ಸುತ್ತ ಎರಡಡಿಯಷ್ಟಾದರೂ ಜಾಗವನ್ನು ತೆರವಾಗಿಡಬೇಕು. ತರಗೆಲೆ, ಬಳ್ಳಿ, ಹಳೆಯ ಸಾಮಾನು, ಒಣಗಲು ಹಾಕಿದ ಬಟ್ಟೆ, ಇವು ಯಾವುವೂ ಅದರ ಉಸಿರನ್ನು ಕಟ್ಟಬಾರದು. ಹಿಮ ಬೀಳುವ ಊರುಗಳಲ್ಲಿ ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಎತ್ತರದ ಪೀಠದ ಮೇಲಿಟ್ಟು, ಬಿದ್ದ ಹಿಮವನ್ನು ಆಗಾಗ ಸರಿಸಬೇಕು. ನೀರು ತೊಟ್ಟಿಕ್ಕುವ ಕೊಳವೆ ಕಟ್ಟಿಕೊಂಡಿದೆಯೆ ಎಂದು ನೋಡಬೇಕು. ಕಟ್ಟಿಕೊಂಡರೆ ನೀರು ಗೋಡೆಗೆ ಇಳಿದು ಬೂಷ್ಟು ಬೆಳೆಯುತ್ತದೆ. ಹೊಸ ಸದ್ದು, ಹೊಸ ಅದುರಾಟ, ಕೊಳವೆಗಳ ಕೀಲಿನಲ್ಲಿ ಎಣ್ಣೆಯ ಕಲೆ, ಇವನ್ನು ಗಮನಿಸಬೇಕು. ಶೀತಕದೊಡನೆ ಸ್ವಲ್ಪ ಎಣ್ಣೆಯೂ ಸುತ್ತುತ್ತಿರುವುದರಿಂದ, ಎಣ್ಣೆ ಜಿನುಗಿದ ಕಡೆ ಶೀತಕವೂ ಸೋರಿರಬಹುದು.

ಯಾವುದು ದೋಷವಲ್ಲ ಎಂಬುದನ್ನೂ ತಿಳಿದಿರಬೇಕು. ಚಳಿಗಾಲದಲ್ಲಿ ಹೊರಗಿನ ಸುರುಳಿಯ ಮೇಲೆ ಗಾಳಿಯ ತೇವವು ಹೆಪ್ಪುಗಟ್ಟಿ ಬೆಳ್ಳಗಾಗುವುದು ಸಹಜ. ಯಂತ್ರವು ಆಗಾಗ ತನ್ನ ದಿಕ್ಕನ್ನು ಸ್ವಲ್ಪ ಹೊತ್ತು ತಿರುಗಿಸಿ, ಮನೆಯೊಳಗಿನ ಶಾಖವನ್ನೇ ಹೊರಕ್ಕೆ ಕಳುಹಿಸಿ ಆ ಮಂಜನ್ನು ಕರಗಿಸಿಕೊಳ್ಳುತ್ತದೆ. ಆಗ ಪೆಟ್ಟಿಗೆಯಿಂದ ಹೊಗೆಯಂತೆ ಹಬೆ ಏಳುವುದನ್ನು ಕಂಡು ಬೆಂಕಿ ಹತ್ತಿತೆಂದು ಗಾಬರಿಪಡಬೇಕಾಗಿಲ್ಲ. ಮಂಜು ಕರಗದೆ ಗಟ್ಟಿಯಾದ ಬರ್ಫದ ಗೋಡೆಯಂತೆ ಬೆಳೆಯುತ್ತ ಹೋದರೆ ಮಾತ್ರ ಅದು ದೋಷ. ಅದನ್ನು ಕತ್ತಿಯಿಂದಲೋ ಉಳಿಯಿಂದಲೋ ಕೆತ್ತಲು ಹೋಗಿ ಸುರುಳಿಗೆ ತೂತು ಮಾಡಬಾರದು. ಯಂತ್ರವನ್ನು ನಿಲ್ಲಿಸಿ ಬಲ್ಲವರನ್ನು ಕರೆಸಬೇಕು.

ನಮ್ಮ ನಾಡಿನ ಮನೆಗಳಿಗೂ ಇದೇ ಮಾತು ಸಲ್ಲುತ್ತದೆ. ರೆಫ್ರಿಜರೇಟರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಅದರ ಮೇಲೆ ಹಳೆಯ ಪತ್ರಿಕೆಗಳ ಕಟ್ಟನ್ನು ಹೇರಿ, ಹಿಂದಿನ ಜೇಡರ ಬಲೆಯನ್ನು ವರ್ಷಗಟ್ಟಲೆ ನೋಡದಿರುವ ಮನೆಗಳು ಎಷ್ಟಿಲ್ಲ? ಮಂಗಳೂರು ಕಾರವಾರಗಳಂಥ ಕಡಲ ತೀರದ ಊರುಗಳಲ್ಲಿ ಉಪ್ಪಿನ ಗಾಳಿಯು ಸುರುಳಿಯ ಅಲ್ಯೂಮಿನಿಯಂ ರೆಕ್ಕೆಗಳನ್ನು ಬೇಗ ತಿನ್ನುತ್ತದೆ. ಬಯಲುಸೀಮೆಯಲ್ಲಿ ಸುಗ್ಗಿಯ ಕಾಲದ ಧೂಳು ಅವುಗಳ ಸಂದನ್ನು ತುಂಬುತ್ತದೆ. ಒಂದೇ ಯಂತ್ರಕ್ಕೆ ಎರಡು ಊರುಗಳಲ್ಲಿ ಎರಡು ಬಗೆಯ ಆರೈಕೆ ಬೇಕು. ಈ ವಿವೇಕವನ್ನು ತಯಾರಕರ ಕೈಪಿಡಿ ಪೂರ್ತಿಯಾಗಿ ಕೊಡಲಾರದು.

ಅನಿಲವು ಮುಗಿಯುತ್ತದೆಯೆ?

ಈಗ ನಾವು ಮುಖ್ಯವಾದ ಒಂದು ತಪ್ಪು ಕಲ್ಪನೆಗೆ ಬರುತ್ತೇವೆ. ಏರ್ ಕಂಡಿಷನರು ಸರಿಯಾಗಿ ತಣಿಸದಿದ್ದರೆ "ಗ್ಯಾಸ್ ಮುಗಿದಿದೆ" ಎಂಬ ಮಾತನ್ನು ಎಲ್ಲೆಡೆಯೂ ಕೇಳುತ್ತೇವೆ. ಪ್ರತಿ ಬೇಸಗೆಯಲ್ಲಿಯೂ ಗ್ಯಾಸ್ ತುಂಬಿಸುವುದು ದೀಪಾವಳಿಗೆ ಎಣ್ಣೆ ಹಚ್ಚಿಕೊಳ್ಳುವಷ್ಟೇ ನಿಯಮಬದ್ಧವಾದ ಆಚಾರವೆಂಬಂತೆ ಕೆಲವರು ನಡೆದುಕೊಳ್ಳುತ್ತಾರೆ. ಇದು ಭೌತಶಾಸ್ತ್ರಕ್ಕೆ ಒಪ್ಪುವ ಮಾತಲ್ಲ.

ಶೀತಕವು ಪೆಟ್ರೋಲಿನಂತೆ ಉರಿದುಹೋಗುವ ಇಂಧನವಲ್ಲ. ಅದು ಕಪಿಲೆಯ ತೊಗಲಿನ ಚೀಲದಂತೆ ಹೊರೆಯನ್ನು ಹೊತ್ತು ತಂದು, ಇಳಿಸಿ, ಮತ್ತೆ ಹಿಂತಿರುಗುವ ಸಾಧನ. ಕುದಿಯುತ್ತದೆ, ತಣಿಯುತ್ತದೆ, ಸುತ್ತುತ್ತದೆ, ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ತುಂಬಿಟ್ಟ ವಸ್ತುವಿನ ತೂಕ ಕಡಿಮೆಯಾಗಿದ್ದರೆ ಅದು ಎಲ್ಲಿಂದಲೋ ಹೊರಕ್ಕೆ ಹೋಗಿದೆ ಎಂದಷ್ಟೇ ಅರ್ಥ. ದ್ರವ್ಯಸಂರಕ್ಷಣೆಯ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಅಂಕಗಳಿಸಿದವರು ಮನೆಯಲ್ಲಿ ಅದನ್ನು ಮರೆಯಬಾರದು. ಕಾರ್ಖಾನೆಯಲ್ಲಿಯೇ ಕೀಲುಗಳನ್ನು ಬೆಸೆದು ಮುಚ್ಚಿದ ರೆಫ್ರಿಜರೇಟರು ಒಂದು ತೊಟ್ಟೂ ಹೊಸ ಶೀತಕವಿಲ್ಲದೆ ಹತ್ತು ಹದಿನೈದು ವರ್ಷ ನಡೆಯುವುದು ನಮ್ಮ ಕಣ್ಣೆದುರಿಗೇ ಇದೆ. ಒಳಗೊಂದು ಹೊರಗೊಂದು ಪೆಟ್ಟಿಗೆಯಿರುವ ಯಂತ್ರಗಳ ಕೊಳವೆಗಳನ್ನಾದರೋ ಮನೆಯಲ್ಲಿಯೇ ತಿರುಪುಗಳಿಂದ ಜೋಡಿಸುತ್ತಾರೆ. ಆ ಜೋಡಣೆ ಸರಿಯಾಗಿಲ್ಲದಿದ್ದರೆ ಸೋರಿಕೆಗೆ ಆಸ್ಪದವಾಗುತ್ತದೆ. ಆದುದರಿಂದ ಶೀತಕ ಕಡಿಮೆಯಾದಾಗ ಮೊದಲು ಕೇಳಬೇಕಾದ ಪ್ರಶ್ನೆ "ತುಂಬಿಸಲು ಎಷ್ಟು ಹಣ?" ಎಂಬುದಲ್ಲ, "ಎಲ್ಲಿ ಸೋರುತ್ತಿದೆ?" ಎಂಬುದು. ತೂತಿರುವ ಚೀಲಕ್ಕೆ ಹೊಲಿಗೆ ಹಾಕದೆ ಬಾವಿಗೆ ಇಳಿಬಿಡುವ ರೈತನನ್ನು ನಾವು ಜಾಣನೆನ್ನುವುದಿಲ್ಲ.

ಈ ಪ್ರಶ್ನೆಯು ಒಂದು ಮನೆಯ ಖರ್ಚಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹಿಂದಿನ ಕಾಲದ ಯಂತ್ರಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್‌ಗಳನ್ನು ವಿಷವಲ್ಲದ, ಉರಿಯದ, ನಿರಪಾಯಕರವಾದ ಅನಿಲಗಳೆಂದು ಜಗತ್ತು ಸ್ವಾಗತಿಸಿತ್ತು. ಸೋರಿಹೋದ ಆ ಅನಿಲಗಳು ಮೇಲಣ ವಾಯುಮಂಡಲವನ್ನು ಸೇರಿ ಓಜೋನ್ ಪದರವನ್ನು ಕೆಡಿಸಬಲ್ಲವೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿಕೊಟ್ಟರು. ದಕ್ಷಿಣ ಧ್ರುವಪ್ರದೇಶದ ಮೇಲೆ ಓಜೋನ್ ಬಹಳವಾಗಿ ಕುಂದಿರುವುದು 1985ರಲ್ಲಿ ಪ್ರಕಟವಾಯಿತು; 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅವುಗಳ ಬದಲಿಗೆ ಬಂದ ಹೈಡ್ರೋಫ್ಲೂರೋಕಾರ್ಬನ್‌ಗಳು ಓಜೋನನ್ನು ಕೆಡಿಸುವುದಿಲ್ಲ. ಆದರೆ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಅವು ಬಹು ಸಮರ್ಥ. ಆರ್-410ಎ ಎಂಬ ಶೀತಕದ 1 ಕಿಲೋಗ್ರಾಂ ವಾಯುಮಂಡಲಕ್ಕೆ ಸೇರಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಅದರ ಪರಿಣಾಮವು ಸುಮಾರು 2,088 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋಗ್ರಾಂ ಡೈಆಕ್ಸೈಡು ಹುಟ್ಟುತ್ತದೆ. ಎಂದರೆ ಆ ಒಂದು ಕಿಲೋಗ್ರಾಮಿನ ಸೋರಿಕೆಯು ಸುಮಾರು 900 ಲೀಟರು ಪೆಟ್ರೋಲನ್ನು ಉರಿಸಿದಂತೆ. ಇತ್ತೀಚಿನ ಯಂತ್ರಗಳಲ್ಲಿ ಬರುವ ಆರ್-32 ಎಂಬುದಕ್ಕೆ ಈ ಸಂಖ್ಯೆ 675; ಕಡಿಮೆಯೇನೋ ಹೌದು, ಆದರೆ ಅಲ್ಪವಲ್ಲ.

ಹೈಡ್ರೋಫ್ಲೂರೋಕಾರ್ಬನ್‌ಗಳನ್ನು ಕ್ರಮೇಣ ತಗ್ಗಿಸಲು 2016ರಲ್ಲಿ ಕಿಗಾಲಿ ನಗರದಲ್ಲಿ ದೇಶಗಳು ಒಪ್ಪಿದವು. ಭಾರತವು 2021ರಲ್ಲಿ ಅದನ್ನು ಅಂಗೀಕರಿಸಿತು. ಒಪ್ಪಂದಗಳು ಹೊಸ ಅನಿಲದ ತಯಾರಿಕೆಗೂ ಬಳಕೆಗೂ ಮಿತಿ ಹಾಕಬಲ್ಲವು. ಆದರೆ ಈಗಾಗಲೇ ಕೋಟ್ಯಂತರ ಮನೆಗಳ ಕೊಳವೆಗಳಲ್ಲಿ ಸುತ್ತುತ್ತಿರುವ ಅನಿಲವು ಒಳಗೇ ಉಳಿಯಬೇಕೆ, ಹೊರಗೆ ಹೋಗಬೇಕೆ ಎಂಬುದನ್ನು ನಿರ್ಧರಿಸುವವರು ರಾಯಭಾರಿಗಳಲ್ಲ. ಮನೆಯ ಯಜಮಾನರೂ ಸ್ಪ್ಯಾನರು ಹಿಡಿದ ಮೆಕ್ಯಾನಿಕರೂ. ದುರಸ್ತಿಯ ಹೊತ್ತಿನಲ್ಲಿ ಹಳೆಯ ಅನಿಲವನ್ನು ಗಾಳಿಗೆ ಬಿಟ್ಟುಬಿಡುವುದಕ್ಕೂ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳುವುದಕ್ಕೂ ಅರ್ಧ ಗಂಟೆಯ ವ್ಯತ್ಯಾಸವಿರಬಹುದು. ಆ ಅರ್ಧ ಗಂಟೆಗೆ ಹಣ ಕೊಡಲು ನಾವು ಸಿದ್ಧರಿರಬೇಕು.

ಅಳತೆಯಿಲ್ಲದ ಪರೀಕ್ಷೆ ಪರೀಕ್ಷೆಯಲ್ಲ

"ನಾವು ವರ್ಷಕ್ಕೊಮ್ಮೆ ಹಣ ಕಟ್ಟಿ ಯಂತ್ರವನ್ನು ನೋಡಿಸುತ್ತೇವೆ, ಇನ್ನೇನು ಬೇಕು?" ಎಂದು ಕೆಲವರು ಕೇಳಬಹುದು. ಬಂದವರು ಏನನ್ನು ಅಳೆದರು ಎಂಬುದೇ ನಮ್ಮ ಮರುಪ್ರಶ್ನೆ. ಮೇಲೆ ಮೇಲೆ ಒರಸಿ, ಒಮ್ಮೆ ಗುಂಡಿ ಒತ್ತಿ, ಚೀಟಿಗೆ ರುಜು ಹಾಕಿಸಿಕೊಂಡು ಹೋಗುವುದು ಶಾಸ್ತ್ರಕ್ಕೆ ಮಾಡಿದ ಪೂಜೆಯಾಗುತ್ತದೆ, ಪರೀಕ್ಷೆಯಾಗುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಣಿಸುವ ಯಂತ್ರದ ಒಳಸುರುಳಿಯ ಮೇಲೆ ಬರ್ಫ ಕಟ್ಟಿದೆ. ಶೀತಕ ಕಡಿಮೆಯಾಗಿದ್ದರೆ ಹೀಗಾಗುತ್ತದೆ: ಸುರುಳಿಯೊಳಗಿನ ಒತ್ತಡ ಕುಗ್ಗಿ, ಕುದಿಯುವ ಉಷ್ಣತೆ 0 ಡಿಗ್ರಿಗಿಂತ ಕೆಳಗಿಳಿದು, ಗಾಳಿಯ ತೇವ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಗಾಳಿ ಸೋಸುವ ಬಲೆ ಕಟ್ಟಿಕೊಂಡಿದ್ದರೂ ಹೀಗೆಯೇ ಆಗುತ್ತದೆ: ಸುರುಳಿಗೆ ಸಾಕಷ್ಟು ಬೆಚ್ಚನೆಯ ಗಾಳಿ ತಲುಪದೆ ಅದು ಹೆಪ್ಪಿನ ಮಟ್ಟಕ್ಕೆ ಇಳಿಯುತ್ತದೆ. ಲಕ್ಷಣ ಒಂದು, ಕಾರಣ ಎರಡು. ಒಂದರ ಮದ್ದು ಒಂದು ಬಿಂದಿಗೆ ನೀರು. ಇನ್ನೊಂದರ ಮದ್ದು ಸಾವಿರಾರು ರೂಪಾಯಿ. ಬಲೆಯನ್ನು ತೊಳೆದು ನೋಡದೆ ಶೀತಕವನ್ನು ತುಂಬಿಸಿದರೆ ಅದು ಅಳತೆ ಮೀರಿ, ಒತ್ತಡ ಹೆಚ್ಚಿ, ಕಂಪ್ರೆಸರಿಗೆ ಕೇಡಾಗುತ್ತದೆ. ವೈದ್ಯಶಾಸ್ತ್ರದಲ್ಲಿ ರೋಗನಿರ್ಣಯಕ್ಕೆ ಮೊದಲು ಮದ್ದು ಕೊಡುವುದನ್ನು ಒಪ್ಪದ ನಾವು ಯಂತ್ರದ ವಿಷಯದಲ್ಲಿ ಏಕೆ ಒಪ್ಪಬೇಕು?

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ಆರೈಕೆ ಬೇಕೆಂದರೆ ಯಂತ್ರವನ್ನು ಪದೇ ಪದೇ ಕೆದಕಬೇಕೆಂದು ಅರ್ಥವಲ್ಲ. ಒತ್ತಡ ನೋಡಲು ಮಾಪಕದ ಕೊಳವೆಯನ್ನು ಜೋಡಿಸಿ ತೆಗೆದಾಗಲೆಲ್ಲ ಸ್ವಲ್ಪ ಶೀತಕವು ನಷ್ಟವಾಗುತ್ತದೆ. ಚೆನ್ನಾಗಿ ನಡೆಯುತ್ತಿರುವ ಚಿಕ್ಕ ಯಂತ್ರಕ್ಕೆ ಪ್ರತಿಸಾರಿಯೂ ಹೀಗೆ ಮಾಡುವುದು ಸರಿಯಲ್ಲ. ಮೊದಲು ಉಷ್ಣತಾಮಾಪಕದಿಂದ ಪರೀಕ್ಷಿಸಬೇಕು. ಯಂತ್ರದೊಳಕ್ಕೆ ಹೋಗುವ ಗಾಳಿಯ ಉಷ್ಣತೆ ಎಷ್ಟು, ಹೊರಬರುವ ಗಾಳಿಯ ಉಷ್ಣತೆ ಎಷ್ಟು, ಅಂತರವೆಷ್ಟು? ಯಂತ್ರವು ಹೊಸದಾಗಿ, ಸುಸ್ಥಿತಿಯಲ್ಲಿರುವಾಗಲೇ ಈ ಅಂಕಿಗಳನ್ನೂ ಆ ದಿನದ ಹವೆಯನ್ನೂ ಬರೆದಿಟ್ಟುಕೊಂಡರೆ, ಮುಂದಿನ ವರ್ಷ ಅದೇ ಬಗೆಯ ಹವೆಯಲ್ಲಿ ಹೋಲಿಸಿ ನೋಡಲು ಸಾಧ್ಯ. ಅಂತರ ಬದಲಾಗಿದ್ದರೆ ಆಗ ಮುಂದಿನ ಪರೀಕ್ಷೆಗೆ ಕಾರಣವಿದೆ.

ಎಲ್ಲವನ್ನೂ ತಾವೇ ಮಾಡಹೊರಡುವ ಉತ್ಸಾಹಿಗಳಿಗೂ ಒಂದು ಎಚ್ಚರಿಕೆ ಅಗತ್ಯ. ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಯಂತ್ರದ ಕೆಪಾಸಿಟರಿನಲ್ಲಿ ವಿದ್ಯುದಂಶವು ಉಳಿದಿರುತ್ತದೆ. ಅದು ಪ್ರಾಣಕ್ಕೆ ಅಪಾಯಕರ. ಆರ್-32 ಸ್ವಲ್ಪಮಟ್ಟಿಗೆ ಉರಿಯುವ ಅನಿಲ. ಆರ್-290 ಎಂದು ಕರೆಯುವುದು ಪ್ರೋಪೇನ್, ಚೆನ್ನಾಗಿಯೇ ಉರಿಯುತ್ತದೆ. ಆದುದರಿಂದ ಬಲೆ, ಕೊಳವೆ, ಸುತ್ತಲಿನ ಜಾಗ, ಅಳತೆ, ದಾಖಲೆ ಇವು ಮನೆಯವರ ಪಾಲಿಗೆ. ಶೀತಕ, ವಿದ್ಯುತ್ತಿನ ಜೋಡಣೆ, ಕಂಪ್ರೆಸರು ಇವು ತರಬೇತಾದವರ ಪಾಲಿಗೆ. ಈ ಗಡಿಯನ್ನು ಎರಡು ಕಡೆಯವರೂ ಗೌರವಿಸಬೇಕು.

ಆರೈಕೆ ಮಾಡುವವರು

ತರಬೇತಾದವರು ಎಂದೆವು. ಅವರ ವಿಷಯದಲ್ಲಿ ನಮ್ಮ ಸಮಾಜದ ನಡವಳಿಕೆ ನ್ಯಾಯವಾಗಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಈ ವಿದ್ಯೆಗೆ ಎರಡು ವರ್ಷಗಳ ಶಿಕ್ಷಣವುಂಟು. ಆದರೆ ಬಹುಮಂದಿ ಯಾರದೋ ಕೈಕೆಳಗೆ ದುಡಿಯುತ್ತ, ನೋಡಿ ಕಲಿತವರು. ಕೈಯಲ್ಲಿ ಕುಶಲತೆ ಇದ್ದರೂ ಕಾರಣವನ್ನು ಯಾರೂ ವಿವರಿಸಿರುವುದಿಲ್ಲ. ಇತ್ತ ಕಾಲೇಜಿನಲ್ಲಿ ಕಾರಣವನ್ನು ಕಲಿತವರ ಕೈ ಒಮ್ಮೆಯೂ ಸ್ಪ್ಯಾನರನ್ನು ಮುಟ್ಟಿರುವುದಿಲ್ಲ. ಕಾರ್ನೋ ಚಕ್ರದ ಚಿತ್ರವನ್ನು ಅಂದವಾಗಿ ಬರೆಯಬಲ್ಲ ವಿದ್ಯಾರ್ಥಿಗೆ ಆ ಚಕ್ರವು ತನ್ನ ಅಡಿಗೆಮನೆಯ ಮೂಲೆಯಲ್ಲಿಯೇ ಗುಂಯ್‌ಗುಟ್ಟುತ್ತಿದೆಯೆಂಬುದು ಹೊಳೆಯುವುದಿಲ್ಲ. ಈ ಎರಡು ಅರೆಗಳು ಕೂಡದಿರುವುದೇ ನಮ್ಮ ಯಂತ್ರಗಳ ದುರವಸ್ಥೆಗೆ ಮೂಲವೆಂದು ನಾವು ನಂಬಿದ್ದೇವೆ.

ಇನ್ನೂ ಗಂಭೀರವಾದ ಮಾತೊಂದುಂಟು. ನಮ್ಮ ನಗರಗಳ ಬಹು ಅಂತಸ್ತಿನ ಕಟ್ಟಡಗಳಲ್ಲಿ ಹೊರಗಿನ ಪೆಟ್ಟಿಗೆಗಳನ್ನು ಮನುಷ್ಯನು ನಿಲ್ಲಲಾಗದ ಗೋಡೆಗಳ ಮೇಲೆ ತೂಗುಹಾಕಿರುವುದನ್ನು ಕಾಣುತ್ತೇವೆ. ಅವನ್ನು ಶುಚಿಮಾಡಬೇಕಾದವರು ಅನೇಕ ವೇಳೆ ಸೊಂಟಕ್ಕೆ ಹಗ್ಗವೂ ಇಲ್ಲದೆ, ಕಿಟಕಿಯ ಸಜ್ಜೆಯ ಮೇಲೆ ಕಾಲಿಟ್ಟು, ಒಂದು ಕೈಯಲ್ಲಿ ಸರಳನ್ನು ಹಿಡಿದು ಇನ್ನೊಂದರಲ್ಲಿ ಕೆಲಸ ಮಾಡುತ್ತಾರೆ. ಕಟ್ಟಡದ ನಕ್ಷೆ ಬರೆದವರಿಗೆ ಯಂತ್ರ ಎಲ್ಲಿರಬೇಕೆಂಬ ಯೋಚನೆಯಿತ್ತು. ಅದನ್ನು ದುರಸ್ತಿ ಮಾಡುವವರು ಎಲ್ಲಿ ನಿಲ್ಲಬೇಕೆಂಬ ಯೋಚನೆಯಿರಲಿಲ್ಲ. ಆರೈಕೆಯನ್ನು ಕೀಳೆಂದು ಬಗೆಯುವ ಮನೋಭಾವದ ಅತಿ ಕ್ರೂರವಾದ ಫಲ ಇದು. ಕೈಗೆಟುಕದ ಸ್ಥಳದಲ್ಲಿರುವ ಯಂತ್ರಕ್ಕೆ ಆರೈಕೆ ನಡೆಯುವುದಿಲ್ಲ. ನಡೆದರೆ ಒಬ್ಬರ ಪ್ರಾಣವನ್ನು ಪಣವಾಗಿಟ್ಟು ನಡೆಯುತ್ತದೆ. ಮುಂದೆ ಎಂಜಿನಿಯರುಗಳೂ ವಾಸ್ತುಶಿಲ್ಪಿಗಳೂ ಆಗಲಿರುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಕೆಲಸವೂ ಉಂಟು. ಮನೆಯಲ್ಲಿ ರೆಫ್ರಿಜರೇಟರಿದ್ದರೆ, ಹಿರಿಯರ ಅನುಮತಿ ಪಡೆದು, ವಿದ್ಯುತ್ತನ್ನು ಪೂರ್ತಿ ತೆಗೆದು, ಹಿಂದಿನ ಸುರುಳಿ ಕಾಣುವಂತಿದ್ದರೆ ಮೆದುವಾದ ಕುಂಚದಿಂದ ಧೂಳನ್ನು ಒರಸಿರಿ; ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿರಿ. ಬಾಗಿಲಿನ ರಬ್ಬರಿನ ಅಂಚಿನಲ್ಲಿ ಒಂದು ಕಾಗದವನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಿರಿ. ಕಾಗದವು ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ಬೆಚ್ಚನೆಯ ಗಾಳಿಯೂ ಸಲೀಸಾಗಿ ಒಳಹೋಗುತ್ತಿದೆ. ಮೀಟರಿನ ಅಂಕಿಯನ್ನು ಒಂದು ವಾರ ಮುಂಚೆಯೂ ಒಂದು ವಾರ ಅನಂತರವೂ ಬರೆದುಕೊಳ್ಳಿರಿ. ವ್ಯತ್ಯಾಸ ಕಂಡರೆ ಅದರ ಕಾರಣವನ್ನು ಹುಡುಕಿರಿ. ಕಾಣದಿದ್ದರೆ ಏಕೆ ಕಾಣಲಿಲ್ಲವೆಂದು ಯೋಚಿಸಿರಿ. ಆ ವಾರಗಳಲ್ಲಿ ಹವೆ ಒಂದೇ ಆಗಿತ್ತೆ, ಬಾಗಿಲನ್ನು ಅಷ್ಟೇ ಸಲ ತೆರೆದರೆ, ಬೇರೆ ಯಂತ್ರಗಳು ಎಷ್ಟು ನಡೆದವು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಪ್ರಯೋಗಶಾಲೆಯಲ್ಲಿ ಕಲಿಸುವ ವಿವೇಕವೂ ಇದಕ್ಕಿಂತ ಬೇರೆಯಲ್ಲ.

ಹೊಸ ಯಂತ್ರವನ್ನು ಕಂಡುಹಿಡಿಯುವವರು ಲಕ್ಷಕ್ಕೊಬ್ಬರು. ಇರುವ ಯಂತ್ರವನ್ನು ಅರಿತು ನಡೆಸಿಕೊಳ್ಳುವ ಭಾಗ್ಯ ಎಲ್ಲರಿಗೂ ಉಂಟು. ಒಂದು ನಾಡಿನ ವಿಜ್ಞಾನದ ಮಟ್ಟವನ್ನು ಅದು ಕೊಂಡ ಯಂತ್ರಗಳ ಸಂಖ್ಯೆಯಿಂದ ಅಳೆಯುವ ರೂಢಿ ಬೆಳೆದಿದೆ. ಹತ್ತು ವರ್ಷಗಳ ಅನಂತರ ಅವುಗಳಲ್ಲಿ ಎಷ್ಟು ಸುಸ್ಥಿತಿಯಲ್ಲಿವೆ, ಎಷ್ಟು ಸೋರುತ್ತಿಲ್ಲ, ಅವನ್ನು ನೋಡಿಕೊಂಡವರು ಸುರಕ್ಷಿತವಾಗಿ ಮನೆ ಸೇರಿದರೆ ಎಂದು ಕೇಳುವುದು ಅದಕ್ಕಿಂತ ಸರಿಯಾದ ಅಳತೆಯೆಂಬುದು ನಮ್ಮ ಅಭಿಪ್ರಾಯ.